ಊಟಕ್ಕೆ ಕೊಡ್ತಾರೆ, ಬಾಡಿಗೆಗೆ ಕೊಡಲ್ಲ

ಬಳ್ಳಾರಿ
ಮಾರ್ಚ್ 16, 2025, ಭಾನುವಾರ

ಬೆಳಿಗ್ಗೆ ಒಂಬತ್ತಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ನಮ್ಮ ಹಗಲು ಕೇಂದ್ರಕ್ಕೆ ದೇಣಿಗೆ ಕೇಳಲು ರಸೀದಿ ಪುಸ್ತಕ ಹಿಡಿದು ನಾನು, ತಮ್ಮ ಕೌಲ್ ಬಜಾರ್ ಕಡೆ ಹೊರಟೆವು. ಮಾರ್ಚ್ ಅಂದ್ರೆ ನಮಗೆ ಸುಗ್ಗಿ. 31ರೊಳಗೆ ಕೊಟ್ಟರೆ ಈ ವರ್ಷದ ತೆರಿಗೆ ಲೆಕ್ಕಕ್ಕೆ ಬರುತ್ತೆ ಅಂತ ಅಂಗಡಿಯವರಿಗೂ ಗೊತ್ತು. ದೇಣಿಗೆಯ ತೆರಿಗೆ ರಿಯಾಯಿತಿಗೆ 2,000 ರೂಪಾಯಿ ಮೇಲಿನ ನಗದು ನಡೆಯಲ್ಲ, ಹಾಗಾಗಿ ಕ್ಯೂಆರ್ ಕೋಡನ್ನೂ ಇಟ್ಟುಕೊಂಡಿದ್ದೆ.

ತಮ್ಮನಿಗೆ ಈಗ 27. ಹದಿನೆಂಟು ತುಂಬಿದ ಮೇಲೆ ವಿಶೇಷ ಶಾಲೆ ಮುಗಿಯಿತು. ಆದರೂ ಎಷ್ಟೋ ತಿಂಗಳು ಏಳಕ್ಕೆ ಎದ್ದು, ಬೂಟು ಹಾಕಿಕೊಂಡು, ಬ್ಯಾಗು ತೊಡೆ ಮೇಲಿಟ್ಟುಕೊಂಡು ಕಟ್ಟೆ ಮೇಲೆ ಕೂತಿರುತ್ತಿದ್ದ. ವ್ಯಾನ್ ಬರಲ್ಲ ಅಂತ ಅಮ್ಮ ದಿನಾ ಹೇಳಬೇಕಿತ್ತು. ಆಮೇಲೆ ಟಿವಿ, ಊಟ, ನಿದ್ದೆ. ಮೈ ಬಂತು, ಮಾತು ಹೋಯಿತು. ಇವನಂತೆ ಬೌದ್ಧಿಕ ಅಂಗವೈಕಲ್ಯ ಇರುವವರ ಮನೆಗಳೇ ಸೇರಿ ಈ ಹಗಲು ಕೇಂದ್ರ ಮಾಡಿದ್ದು. ಈಗ 14 ಜನ ಬರುತ್ತಾರೆ. ಬೆಳಿಗ್ಗೆ ನಡಿಗೆ, ತಮ್ಮ ತಟ್ಟೆ ತಾವೇ ತೊಳೆಯೋದು, ಫಿಟ್ಸ್ ಮಾತ್ರೆ ಹೊತ್ತಿಗೆ ಸರಿಯಾಗಿ ನುಂಗೋದು, ಜೀನ್ಸ್ ತುಂಡುಗಳಿಂದ ಕೈಚೀಲ. ಬಳ್ಳಾರಿಯಲ್ಲಿ ಜೀನ್ಸ್ ತುಂಡಿಗೇನು ಬರ, ಅಲ್ವಾ?

ಒಂದು ಹೊಲಿಗೆ ಯೂನಿಟ್ಟಿನ ಮಾಲೀಕರು ಒಂದು ಚೀಲ ತುಂಡು ಬಟ್ಟೆ ಕೊಟ್ಟರು. ಆಮೇಲೆ, "ಅಕ್ಕಾ, ಮಗನ ಹುಟ್ಟಿದಬ್ಬ ಐತಿ, ಒಂದಿನದ ಊಟ ನಂದು" ಅಂದರು.

"ಅಣ್ಣಾ, ಈ ತಿಂಗಳು ಹನ್ನೊಂದು ದಿನದ ಊಟ ಬಂದೈತಿ. ಬಾಡಿಗಿ ಬಂದಿಲ್ಲ" ಅಂದೆ.

"ಸರ್ಕಾರ ಕೊಡಲ್ಲೇನು?"

ಈ ಪ್ರಶ್ನೆ ಪ್ರತಿ ಅಂಗಡಿಯಲ್ಲೂ ಬರುತ್ತೆ. ಮಾಸಾಶನ ಇದೆ. ನಿರಾಮಯ ಅಂತ ಒಂದು ಲಕ್ಷದವರೆಗಿನ ಆರೋಗ್ಯ ವಿಮೆ ಇದೆ, ಎಲ್ಲರಿಗೂ ಮಾಡಿಸಿದ್ದೇವೆ. ಅಂಗವಿಕಲರಿಗೆ 2016ರ ಕಾಯ್ದೆಯಲ್ಲಿ ಹಕ್ಕುಗಳೂ ಇವೆ. ಆದರೆ ನಮ್ಮ ಆಯಾ ಸಂಬಳ, ವ್ಯಾನಿನ ಡೀಸೆಲ್, ಮನೆ ಬಾಡಿಗೆ ನಾವೇ ಹೊಂದಿಸಬೇಕು. ಅನ್ನದಾನಕ್ಕೆ ನಮ್ಮ ಜನ ಎರಡು ಮಾತಾಡಲ್ಲ, ಅದು ದೊಡ್ಡ ಗುಣ. ಆದರೆ ಊಟಕ್ಕೆ ಕೂರಲು ಒಂದು ಸೂರು ಬೇಕಲ್ಲ, ಅಲ್ಲಿಗೆ ಕರೆತರಲು ಒಂದು ಗಾಡಿ ಬೇಕಲ್ಲ. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ನಾವು ಮಾತಾಡುವಾಗ ತಮ್ಮ ತಾನು ಮಾಡಿದ ಚೀಲ ತೆಗೆದು ಮೇಜಿನ ಮೇಲಿಟ್ಟ. ಅಂಗೈಯಿಂದ ಸುಕ್ಕು ಒತ್ತಿದ. ಮತ್ತೆ ಒತ್ತಿದ. ಹಿಡಿಕೆ ಎರಡೂ ಒಂದೇ ಕಡೆ ಬರುವ ತನಕ ಬಿಡಲಿಲ್ಲ. ಆಮೇಲೆ "ಅರವತ್ತು" ಅಂದ. ಈ ಒಂದು ಪದಕ್ಕೆ ಎರಡು ತಿಂಗಳು ಹಿಡಿದಿದೆ. ಮಾಲೀಕರು ನೂರರ ನೋಟು ಕೊಟ್ಟು, "ಇರಲಿ ಬಿಡಪ್ಪ" ಅಂದರು. ಇವನು ಬಿಡಲಿಲ್ಲ. ಪರ್ಸಿನಿಂದ ಹತ್ತರ ನೋಟು ಒಂದೊಂದೇ ಎಣಿಸಿ, ನಾಲ್ಕನ್ನೂ ಅವರ ಕೈಗೇ ಇಟ್ಟ.

ಅವರು ಸ್ವಲ್ಪ ಹೊತ್ತು ನೋಟು ಹಿಡಿದೇ ನಿಂತಿದ್ದರು. "ಬಾಡಿಗಿ ಎಷ್ಟು?" ಅಂದರು. ಎಂಟು ಸಾವಿರ ಅಂದೆ. "ಉಗಾದಿ ಆದಮ್ಯಾಲೆ ಬರ್ರಿ, ನೋಡೋಣು." ಆಗಲ್ಲ ಅನ್ನಲಿಲ್ಲ. ನನಗೆ ಅಷ್ಟೇ ಸಾಕಾಗಿತ್ತು.

ಸಂಜೆ ಎಣಿಸಿದರೆ 6,340 ರೂಪಾಯಿ, ಇನ್ನೂ ಎರಡು ದಿನದ ಊಟದ ಭರವಸೆ. ಬಾಡಿಗೆಗೆ ಸಾಲದು. ಡೀಸೆಲ್‌ಗೆ ಮಾತ್ರ ತೊಂದರೆ ಇಲ್ಲ.

ಮಲಗುವ ಮುಂಚೆ ತಮ್ಮ ಬೂಟು ತಂದು ಬಾಗಿಲ ಹತ್ತಿರ ಜೋಡಿಸಿದ. "ನಾಳೆ ವ್ಯಾನ್?" ಅಂದ.

"ಎಂಟೂವರೆಗೆ ಬರುತ್ತೆ" ಅಂದೆ.