ಕಲೋಡನ್ ಬಯಲಿನ ಕಲ್ಲುಗಳು

ಸ್ಕಾಟ್ಲೆಂಡಿನ ಇನ್ವರ್‌ನೆಸ್ ನಗರದ ಪೂರ್ವಕ್ಕೆ ಕೆಲವೇ ಮೈಲಿ ದೂರದ ಕಲೋಡನ್ ಬಯಲಿನಲ್ಲಿ, ಏಪ್ರಿಲ್ 16ಕ್ಕೆ ಸಮೀಪದ ಶನಿವಾರ, ಸ್ಕಾಟ್ಲೆಂಡಿನ ಹಳೆಯ ನುಡಿಯಾದ ಗ್ಯಾಲಿಕ್‌ನ ಹೆಸರು ಹೊತ್ತ ಅಲ್ಲಿನ ಗ್ಯಾಲಿಕ್ ಸೊಸೈಟಿಯವರು ವರ್ಷವರ್ಷವೂ ಸ್ಮರಣೆಯ ಪ್ರಾರ್ಥನೆ ನಡೆಸುತ್ತಾರೆ. ಕೆಲಸದ ನಿಮಿತ್ತ ಸ್ಕಾಟ್ಲೆಂಡಿನಲ್ಲಿ ನೆಲೆಸಿರುವ ನನಗೆ, ಇಲ್ಲಿಯ ಜನ ತಮ್ಮನ್ನು ಬ್ರಿಟಿಷರೆನ್ನುವುದಕ್ಕಿಂತ ಮೊದಲು ಸ್ಕಾಟರೆಂದು ಹೇಳಿಕೊಳ್ಳುವುದರ ಬೇರು ಎಲ್ಲಿದೆಯೆಂದು ಅರಿಯುವ ಹಂಬಲವಿತ್ತು. ಹಾಗಾಗಿ ಆ ಪ್ರಾರ್ಥನೆಗೆ ಹೋದೆ.

ಸ್ಟುವರ್ಟ್ ವಂಶಕ್ಕೆ ಬ್ರಿಟನ್ನಿನ ಸಿಂಹಾಸನವನ್ನು ಮರಳಿ ದೊರಕಿಸಲು ಹೊರಟಿದ್ದ ಚಾರ್ಲ್ಸ್ ಎಡ್ವರ್ಡ್ ಸ್ಟುವರ್ಟನ ಜಾಕೊಬೈಟ್ ಸೈನ್ಯ, 1746ರ ಏಪ್ರಿಲ್ 16ರಂದು ಇದೇ ಬಯಲಿನಲ್ಲಿ, ಡ್ಯೂಕ್ ಆಫ್ ಕಂಬರ್ಲೆಂಡ್‌ನ ಸರ್ಕಾರಿ ಸೈನ್ಯದ ತೋಪುಗಳೆದುರು ಒಂದು ಗಂಟೆಯೊಳಗೆ ನುಚ್ಚುನೂರಾಯಿತು. ಜಾಕೊಬೈಟರಲ್ಲಿ ಸುಮಾರು 1,500 ಮಂದಿ ಸತ್ತರು. 1881ರಲ್ಲಿ ಇಲ್ಲಿ ದೊಡ್ಡ ಸ್ಮಾರಕವನ್ನು ಕಟ್ಟಿ, ಸಮಾಧಿಗಳ ಮೇಲೆ ಫ್ರೇಸರ್, ಮ್ಯಾಕಿಂಟಾಷ್, ಕ್ಯಾಮರನ್ ಎಂದು ಕುಲಗಳ ಹೆಸರು ಕೊರೆದ ಒರಟು ಕಲ್ಲುಗಳನ್ನು ನೆಟ್ಟರು. ಯಾರು ಯಾರೆಂದು ಗುರುತಿಸಲಾಗದವರ ಪಾಲಿಗೆ 'ಮಿಶ್ರ ಕುಲಗಳು' ಎಂದಷ್ಟೇ ಬರೆದಿದೆ.

ನನ್ನನ್ನು ಬಹಳ ಹೊತ್ತು ನಿಲ್ಲಿಸಿದ್ದು ಇವುಗಳಿಂದ ದೂರವಿರುವ ಇನ್ನೊಂದು ಕಲ್ಲು. 'ಇಂಗ್ಲಿಷರ ಬಯಲು, ಅವರನ್ನು ಇಲ್ಲಿ ಹೂಳಲಾಯಿತು' ಎಂಬ ಅರ್ಥದ ಬರಹ ಅದರ ಮೇಲಿದೆ. ಆದರೆ ಕಂಬರ್ಲೆಂಡ್‌ನ ಸಾಲಿನಲ್ಲಿ ರಾಯಲ್ ಸ್ಕಾಟ್ಸ್ ಸೇರಿದಂತೆ ಸ್ಕಾಟ್ಲೆಂಡಿನದೇ ರೆಜಿಮೆಂಟುಗಳಿದ್ದವು, ಆರ್ಗೈಲ್ ಸೀಮೆಯ ಕ್ಯಾಂಪ್‌ಬೆಲ್ಲರಿದ್ದರು. ಅಣ್ಣತಮ್ಮಂದಿರೇ ಎದುರುಬದುರಾಗಿ ನಿಂತ ಮನೆಗಳೂ ಇದ್ದವು. ಯುದ್ಧ ಮುಗಿದು 135 ವರ್ಷಗಳಾದ ಮೇಲೆ ಆ ಒಳಜಗಳವನ್ನು ಎರಡು ದೇಶಗಳ ಕಾಳಗವನ್ನಾಗಿ ಮಾಡಿದ್ದು ಈ ಕಲ್ಲು. ರಾಷ್ಟ್ರಭಾವನೆ ಹೇಗೆ ರೂಪುಗೊಳ್ಳುತ್ತದೆಂಬುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಪ್ರಾರ್ಥನೆಗೆ ಬಂದಿದ್ದವರಲ್ಲಿ ಅನೇಕರು ಕಿಲ್ಟ್, ಅಂದರೆ ಮೊಣಕಾಲಿನವರೆಗಿನ ನೆರಿಗೆಯ ಚೌಕಳಿ ಲಂಗ, ಉಟ್ಟಿದ್ದರು. ಅದರ ಕಥೆಯೂ ಇಂಥದ್ದೇ. ಸೋಲಿನ ಬೆನ್ನಲ್ಲೇ ಬಂದ ಕಾಯ್ದೆ, ಸೈನಿಕರನ್ನು ಬಿಟ್ಟು ಉಳಿದ ಗಂಡಸರು ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಬೆಟ್ಟನಾಡಿನ, ಉಡುಪು ತೊಡುವುದನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆಮನೆ, ಎರಡನೆಯದಕ್ಕೆ ಏಳು ವರ್ಷದ ಗಡೀಪಾರು. 1782ರಲ್ಲಿ ಅದು ರದ್ದಾಯಿತು. 1822ರಲ್ಲಿ ನಾಲ್ಕನೆಯ ಜಾರ್ಜ್ ಎಡಿನ್‌ಬರಾಕ್ಕೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಸಂಭ್ರಮದಲ್ಲಿ ದೊರೆಯೇ ಕಿಲ್ಟ್ ಉಟ್ಟ. ಹೀಗೆ, ಒಂದು ಕಾಲಕ್ಕೆ ತಗ್ಗುನಾಡಿನವರು ತಾತ್ಸಾರದಿಂದ ಕಾಣುತ್ತಿದ್ದ ಬೆಟ್ಟದವರ ಬಟ್ಟೆ ಇಡೀ ದೇಶದ ಉಡುಪಾಯಿತು.

ನಿಷೇಧದ ಆ ವರ್ಷಗಳಲ್ಲಿ ಆ ಉಡುಪನ್ನು ಬಹುಮಟ್ಟಿಗೆ ಉಳಿಸಿದ್ದು ಸೈನ್ಯವೆಂಬುದು ನಮ್ಮ ನಾಡಿಗೂ ತಾಗುವ ಸಂಗತಿ. 1745ರ ದಂಗೆಯಲ್ಲಿ ಜಾಕೊಬೈಟರ ಪರ ನಿಂತು ಸೆರೆಸಿಕ್ಕ ಲಾರ್ಡ್ ಮ್ಯಾಕ್ಲೌಡ್, ಕ್ಷಮೆ ಪಡೆದು, 1777ರಲ್ಲಿ ಅದೇ ಸರ್ಕಾರಕ್ಕಾಗಿ ಹೈಲ್ಯಾಂಡರರ ಪಡೆ ಕಟ್ಟಿದ. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೋಲಿಸಿದ ಕಂಪನಿಯ ಸೈನ್ಯದಲ್ಲಿ ಆ ಪಡೆಯ ತುಕಡಿಗಳಿದ್ದವು. ಅಂದು ಸೆರೆಯಾಗಿ ಶ್ರೀರಂಗಪಟ್ಟಣದಲ್ಲಿ ವರ್ಷಗಟ್ಟಲೆ ಬಂಧನದಲ್ಲಿದ್ದ ಅದರ ಅಧಿಕಾರಿ ಡೇವಿಡ್ ಬೇರ್ಡನೇ 1799ರಲ್ಲಿ ಕೋಟೆಯ ಮೇಲಿನ ದಾಳಿಯನ್ನು ಮುನ್ನಡೆಸಿದ. ಸೋತವರನ್ನೇ ಸಾಮ್ರಾಜ್ಯ ತನ್ನ ಕತ್ತಿಯಾಗಿಸಿಕೊಂಡಿತು. ಸ್ಕಾಟರ ಹೆಮ್ಮೆಯ ಕಥೆಯಲ್ಲಿ ಈ ಅಧ್ಯಾಯವೂ ಇರಬೇಕೆಂದು ಕನ್ನಡಿಗನಾಗಿ ನಾನು ಬಯಸುತ್ತೇನೆ.

ಉಡುಪಿಗೆ ಸಿಕ್ಕ ಈ ಭಾಗ್ಯ ಗ್ಯಾಲಿಕ್ ಭಾಷೆಗೆ ಸಿಗಲಿಲ್ಲ. 2022ರ ಜನಗಣತಿಯಲ್ಲಿ ಆ ಭಾಷೆ ಅಲ್ಪಸ್ವಲ್ಪವಾದರೂ ಬರುತ್ತದೆಂದವರು ಶೇಕಡ 2.5 ಮಾತ್ರ. ಪ್ರಾರ್ಥನೆ ಗ್ಯಾಲಿಕ್‌ನಲ್ಲಿ ನಡೆಯುವಾಗ ನನ್ನ ಪಕ್ಕದಲ್ಲಿದ್ದ ಹಿರಿಯ ಹೆಂಗಸು, "ನಮ್ಮಮ್ಮನಿಗೆ ಬರುತ್ತಿತ್ತು, ನಮಗೆ ಕಲಿಸಲಿಲ್ಲ. ಕಲಿತರೆ ಕೆಲಸ ಸಿಗೋದಿಲ್ಲ ಅನ್ನೋ ಭಯ" ಎಂದರು. ಅವರ ಮೊಮ್ಮಗ ಈಗ 2007ರಲ್ಲಿ ಇನ್ವರ್‌ನೆಸ್‌ನಲ್ಲಿ ಆರಂಭವಾದ ಗ್ಯಾಲಿಕ್ ಮಾಧ್ಯಮದ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದಾನಂತೆ. ಶಾಲೆಯಲ್ಲಿ ಕಲಿತದ್ದನ್ನು ಮನೆಯಲ್ಲಿ ಯಾರೊಡನೆ ಮಾತನಾಡುತ್ತಾನೆ ಎಂದು ಕೇಳಿದೆ. "ಅದಕ್ಕೇ ನಾನು ಸಂಜೆ ತರಗತಿಗೆ ಸೇರಿದ್ದೇನೆ" ಎಂದರು.