ಹಡಗಿನವರು ‘ಬ್ಯಾಂಕಾಕ್’ ಅನ್ನುತ್ತಾರೆ, ನಿಲ್ಲಿಸುವುದು ಲೇಮ್ ಚಬಾಂಗ್‌ನಲ್ಲಿ

ಕ್ರೂಸ್ ಕಂಪನಿಯವರ ಪುಸ್ತಕದಲ್ಲಿ ಊರುಗಳ ಹೆಸರು ದೊಡ್ಡ ಅಕ್ಷರದಲ್ಲಿತ್ತು. ಸಿಂಗಪುರ, ಬ್ಯಾಂಕಾಕ್, ವಿಯೆಟ್ನಾಮಿನ ಹೋ ಚಿ ಮಿನ್ ಸಿಟಿ, ನ್ಯಾ ಚಾಂಗ್, ಹ್ವೇ, ಹಾ ಲಾಂಗ್, ಕೊನೆಗೆ ಹಾಂಗ್‌ಕಾಂಗ್. ಒಟ್ಟು 14 ರಾತ್ರಿ. ಬೆಳಿಗ್ಗೆ ಹಡಗು ಇಳಿಯುವುದು, ಊರು ಸುತ್ತುವುದು, ಸಂಜೆ ಬಂದು ಕಾಲು ಚಾಚುವುದು. ಮೈಸೂರಿನ ಮನೆಯಲ್ಲಿ ಕೂತು ನಾನೂ ನಮ್ಮ ಯಜಮಾನರೂ ಹಾಕಿದ ಲೆಕ್ಕ ಇಷ್ಟೇ. ಪ್ರತಿ ಊರಿನ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಹೆಸರಿತ್ತು. ಕನ್ನಡಕ ಹಾಕಿಕೊಂಡು ಅದನ್ನು ಓದಿದ್ದು ಮಾತ್ರ ದುಡ್ಡು ಕಟ್ಟಿದ ಮೇಲೆ.

ಬ್ಯಾಂಕಾಕಿಗೆ ಲೇಮ್ ಚಬಾಂಗ್, ಹೋ ಚಿ ಮಿನ್ ಸಿಟಿಗೆ ಫು ಮಿ, ಹ್ವೇಗೆ ಚಾನ್ ಮೇ. ದೊಡ್ಡ ಹಡಗುಗಳು ನಿಲ್ಲುವುದು ಈ ಬಂದರುಗಳಲ್ಲಿ. ಲೇಮ್ ಚಬಾಂಗಿನಿಂದ ಬ್ಯಾಂಕಾಕಿಗೆ 120 ಕಿಲೋಮೀಟರಿಗೂ ಜಾಸ್ತಿ. ಬೆಂಗಳೂರು ಅಂತ ಟಿಕೆಟ್ ಕೊಟ್ಟು ಮಂಡ್ಯದ ಆಚೆ ಇಳಿಸಿದ ಹಾಗೆ. ಆದ್ದರಿಂದ ನೀವು ಇಂಥ ಪ್ರವಾಸ ಬುಕ್ ಮಾಡುವ ಮುಂಚೆ ಮೊದಲು ಮಾಡಬೇಕಾದ್ದು ಒಂದೇ ಕೆಲಸ. ಊರಿನ ಹೆಸರು ಬಿಡಿ, ಬಂದರಿನ ಹೆಸರು ಹಿಡಿಯಿರಿ. ಅಲ್ಲಿಂದ ಊರಿಗೆ ಎಷ್ಟು ಗಂಟೆ, ಹಡಗು ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡಿ. ಎಂಟು ಗಂಟೆ ನಿಂತರೆ ನಾಲ್ಕು ಗಂಟೆ ರಸ್ತೆಯಲ್ಲೇ ಹೋಗುತ್ತದೆ. ಹತ್ತಲು ಇಳಿಯಲು ಒಂದೂವರೆ ಗಂಟೆ. ಊರಿಗೆ ಉಳಿಯುವುದು ಎರಡೂವರೆ ಗಂಟೆ, ಅಷ್ಟೇ.

ವೀಸಾ ವಿಷಯಕ್ಕೆ ಬರುತ್ತೇನೆ, ಜಾಸ್ತಿ ತಲೆನೋವು ಅಲ್ಲೇ. ಹಡಗಿನಿಂದ ಇಳಿಯದೆ ಕೂತಿರುತ್ತೇವೆ ಅಂದರೂ ಮಾರ್ಗದಲ್ಲಿರುವ ಎಲ್ಲ ದೇಶದ ಕಾಗದವನ್ನೂ ಮೊದಲ ದಿನವೇ ಕೇಳಬಹುದು. ಒಂದು ಕಡಿಮೆಯಾದರೂ ಸಿಂಗಪುರದಲ್ಲೇ ತಡೆಯುತ್ತಾರೆ. ಸಿಂಗಪುರದ ವೀಸಾ ಏಜೆಂಟರ ಮೂಲಕ ಮಾಡಿಸಿದೆವು. ಜೊತೆಗೆ ಆನ್‌ಲೈನ್‌ನಲ್ಲಿ ಅರೈವಲ್ ಕಾರ್ಡ್ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ನಾವು ಹೋದಾಗ ಥಾಯ್ಲೆಂಡಿಗೆ ಭಾರತೀಯರಿಗೆ ವೀಸಾ ಬೇಕಿರಲಿಲ್ಲ, ಡಿಜಿಟಲ್ ಅರೈವಲ್ ಕಾರ್ಡ್ ಮಾತ್ರ. ಈ ನಿಯಮ ಬದಲಾಗುತ್ತಲೇ ಇರುತ್ತದೆ, ಹೊರಡುವ ತಿಂಗಳು ಇನ್ನೊಮ್ಮೆ ನೋಡಿಕೊಳ್ಳಿ. ಹಾಂಗ್‌ಕಾಂಗಿಗೆ ವೀಸಾ ಬದಲು ಮುಂಚಿತ ನೋಂದಣಿ ಇದೆ. ಅದೂ ಉಚಿತ, 14 ದಿನ ಇರಬಹುದು. ಚೀಟಿ ಪ್ರಿಂಟ್ ತೆಗೆದು ಇಟ್ಟುಕೊಳ್ಳಿ.

ವಿಯೆಟ್ನಾಮಿನದು ಇ-ವೀಸಾ. ಒಂದು ಸಲ ಹೋಗಲು 25 ಡಾಲರ್, ಹಲವು ಸಲಕ್ಕೆ 50 ಡಾಲರ್. ನಮ್ಮ ಹಡಗು ಅಲ್ಲಿ ನಾಲ್ಕು ಬಂದರಿಗೆ ಸಾಲಾಗಿ ಹೋಗುವುದಿತ್ತು. ಒಂದೇ ಸಲ ಅಂತ ಲೆಕ್ಕವೋ ನಾಲ್ಕು ಸಲವೋ ಅಂತ ಇಬ್ಬರನ್ನು ಕೇಳಿದರೆ ಎರಡು ಉತ್ತರ ಬಂತು. ಸುಮ್ನೆ 50ರದ್ದೇ ಮಾಡಿಸಿದೆವು. ನೀವೂ ಹಾಗೇ ಮಾಡಿ, ಅದರಲ್ಲಿ ಉಳಿಸಲು ಹೋಗಬೇಡಿ. ಅರ್ಜಿಯಲ್ಲಿ ಯಾವ ದ್ವಾರದಿಂದ ಬರುತ್ತೀರಿ ಅಂತ ಕೇಳುತ್ತದೆ. ಅಭ್ಯಾಸಬಲದಿಂದ ವಿಮಾನ ನಿಲ್ದಾಣ ಆರಿಸಿಬಿಡಬೇಡಿ, ಬಂದರು ಆರಿಸಿ. ಇನ್ನೊಂದು ಸಂಕಟ ನಮ್ಮ ಕಡೆಯವರದ್ದೇ. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಇನಿಷಿಯಲ್ ಎಲ್ಲೋ ಸೇರಿಕೊಂಡಿರುತ್ತದೆ. ವೀಸಾ, ಹಡಗಿನ ಟಿಕೆಟ್, ವಿಮಾನದ ಟಿಕೆಟ್ ಮೂರರಲ್ಲೂ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ನಮ್ಮ ಯಜಮಾನರ ಹೆಸರು ಒಂದು ಕಡೆ ಹಿಂದುಮುಂದಾಗಿ, ಅದನ್ನು ಸರಿ ಮಾಡಿಸಲು ಒಂದು ವಾರ ಫೋನ್ ಹಿಡಿದು ಕೂತಿದ್ದೆವು.

ಖರ್ಚಿನ ಮಾತು. ಜಾಹೀರಾತಿನಲ್ಲಿ ಹೇಳುವ ಬೆಲೆ ಒಂದು ಕ್ಯಾಬಿನ್‌ನಲ್ಲಿ ಇಬ್ಬರಿದ್ದಾಗ ಒಬ್ಬರಿಗೆ. ಒಬ್ಬರೇ ಹೋದರೆ ಹೆಚ್ಚು ಕಡಿಮೆ ಎರಡರಷ್ಟು ಕೊಡಬೇಕಾಗಬಹುದು. ಅದರ ಮೇಲೆ ಬಂದರು ತೆರಿಗೆ, ದಿನಕ್ಕೆ ಇಷ್ಟು ಅಂತ ಟಿಪ್ಸ್, ವೈಫೈ, ದಡದ ಟೂರು. ಟಿಪ್ಸ್ ನೀವು ಕೈಯಾರೆ ಕೊಡುವುದಲ್ಲ, ನಿಮ್ಮ ಲೆಕ್ಕಕ್ಕೆ ಡಾಲರಿನಲ್ಲಿ ತಾನಾಗೇ ಬೀಳುತ್ತದೆ. ಇಲ್ಲಿ ಏಜೆಂಟರ ಹತ್ತಿರ ಬುಕ್ ಮಾಡಿದರೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ತೆರಿಗೆ, ಕೂಡ ಹಿಡಿಯುತ್ತಾರೆ. ಅದು ಕಳೆದುಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ತೋರಿಸಿಕೊಳ್ಳಬಹುದು. ಆದರೆ ಹೊರಡುವ ಹೊತ್ತಿಗೆ ಕೈಯಲ್ಲಿ ಅಷ್ಟು ದುಡ್ಡು ಇರಬೇಕಲ್ಲ? ವಿಮೆಯಲ್ಲಿ ಮಾತ್ರ ಜಿಪುಣತನ ಬೇಡ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಬಿಲ್ಲೂ ಇರುತ್ತದೆ. ಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ವಿಮೆಯಲ್ಲಿ ಸೇರಿದೆಯಾ ಅಂತ ಕೇಳಿ ತಗೊಳ್ಳಿ.

ಕ್ಯಾಬಿನ್ ನಾವು ತಗೊಂಡಿದ್ದು ಕಿಟಕಿ ಇಲ್ಲದ್ದು. ದೀಪ ಆರಿಸಿದರೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಆದರೂ ಅದರಲ್ಲಿ ಉಳಿಸಿದ ದುಡ್ಡು ದಡದಲ್ಲಿ ಉಪಯೋಗಕ್ಕೆ ಬಂತು. ತಲೆಸುತ್ತು, ವಾಂತಿ ಇರುವವರು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೇಳಿ ಪಡೆಯಿರಿ. ಅಲ್ಲಿ ತೂಗಾಟ ಕಡಿಮೆ. ನ್ಯಾ ಚಾಂಗ್ ಬಿಟ್ಟ ರಾತ್ರಿ ನಮ್ಮ ಹಡಗು ತೊಟ್ಟಿಲಿನ ಹಾಗೆ ತೂಗಿತು. ನವೆಂಬರಿನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತದ ಕಾಲ, ಆಗ ಆ ಸಮುದ್ರ ಇನ್ನೂ ಒರಟು ಅಂತೆ. ನಾವು ಹೋಗಿದ್ದು ಮಾರ್ಚ್‌ನಲ್ಲಿ. ಮಳೆಗಾಲದ ಕೊನೆಯ ತಿಂಗಳುಗಳಲ್ಲಿ ಚಂಡಮಾರುತದ ಭಯ. ವಿಯೆಟ್ನಾಮಿನ ಹೊಸ ವರ್ಷ ಟೆಟ್ ಹಬ್ಬದ ವಾರವನ್ನೂ ತಪ್ಪಿಸಿ. ಅಂಗಡಿ, ಹೋಟೆಲು ಎಷ್ಟೋ ಮುಚ್ಚಿರುತ್ತವೆ. 2027ರಲ್ಲಿ ಅದು ಫೆಬ್ರವರಿ 6ಕ್ಕೆ ಬರುತ್ತದೆ.

ಇನ್ನು ಊಟ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಆದರೆ ಬುಕ್ ಮಾಡುವಾಗಲೇ ಹೇಳಿಡಬೇಕು. ಬಫೆಯಲ್ಲಿ ದಿನಾ ಒಂದು ದಾಲ್, ಅನ್ನ, ಒಂದು ಪಲ್ಯ ಇರುತ್ತಿತ್ತು. ಅಡುಗೆಮನೆಯ ಮೇಲ್ವಿಚಾರಕರನ್ನು ಎರಡನೇ ದಿನ ಮಾತಾಡಿಸಿದೆ, ಮಾರನೇ ದಿನದಿಂದ ನಮ್ಮ ಮೇಜಿಗೆ ಮೊಸರು ತಾನಾಗೇ ಬರತೊಡಗಿತು. ಕೇಳಿದರೆ ಸಿಗುತ್ತದೆ, ಸಂಕೋಚಪಟ್ಟು ಬ್ರೆಡ್ ತಿಂದುಕೊಂಡು ಇರಬೇಡಿ. ಮನೆಯಲ್ಲಿ ಮಾಡಿದ ತಿಂಡಿ ಸಾಮಾನ್ಯವಾಗಿ ಹಡಗಿಗೆ ಬಿಡುವುದಿಲ್ಲ. ಅಂಗಡಿಯ ಸೀಲ್ ಮಾಡಿದ ಪ್ಯಾಕೆಟ್ ಆದರೆ ತಕರಾರಿಲ್ಲ. ನಮ್ಮ ಚಟ್ನಿಪುಡಿ, ನಿಪ್ಪಟ್ಟು ಹಾಗೆ ಬಂದವು. ಗಸಗಸೆ ಮಾತ್ರ ಮರೆತೂ ಇಟ್ಟುಕೊಳ್ಳಬೇಡಿ. ನಮಗೆ ಅದು ಪಾಯಸ, ಸಿಂಗಪುರದಲ್ಲಿ ನಿಷೇಧಿತ ವಸ್ತು.

ಮತ್ತೆ ಕೆಟಲ್. ಬೆಳಿಗ್ಗೆ ಐದಕ್ಕೆ ಕಾಫಿ ಇಲ್ಲದೆ ನಮ್ಮ ಯಜಮಾನರಿಗೆ ಕಣ್ಣು ಬಿಡುವುದಿಲ್ಲ. ಅದಕ್ಕೆ ಪುಟ್ಟ ಎಲೆಕ್ಟ್ರಿಕ್ ಕೆಟಲ್ ತುಂಬಿಕೊಂಡಿದ್ದೆವು. ಬಿಸಿಯಾಗುವ ಯಾವ ಸಾಮಾನೂ ಕ್ಯಾಬಿನ್‌ಗೆ ಬಿಡುವುದಿಲ್ಲ, ಬೆಂಕಿಯ ಭಯಕ್ಕೆ. ಇಸ್ತ್ರಿ ಪೆಟ್ಟಿಗೆಯೂ ಅಷ್ಟೇ. ಸ್ಕ್ಯಾನಿಂಗ್‌ನಲ್ಲಿ ಹಿಡಿದು, ಚೀಟಿ ಬರೆದು, ಕೊನೆಯ ದಿನ ಕೊಡುತ್ತೇವೆ ಅಂದರು. ಹಿಂದೆ ನಿಂತಿದ್ದವರ ಕೈಯಲ್ಲೂ ಅಂಥದೇ ಚೀಟಿ ಇತ್ತು. ಹುಬ್ಬಳ್ಳಿಯವರು! ಆ ಪರಿಚಯ ಮುಂದೆ ಬಹಳ ಉಪಯೋಗಕ್ಕೆ ಬಂತು.

ಫೋನ್ ಏರ್‌ಪ್ಲೇನ್ ಮೋಡಿನಲ್ಲಿ ಇಡಿ. ನಡುಸಮುದ್ರದಲ್ಲಿ ಹಡಗಿನದೇ ಮೊಬೈಲ್ ನೆಟ್‌ವರ್ಕ್ ಇರುತ್ತದೆ, ಫೋನ್ ತಾನಾಗೇ ಅದಕ್ಕೆ ಅಂಟಿಕೊಂಡರೆ ಬಿಲ್ ನೋಡಿ ಸಮುದ್ರಕ್ಕೆ ಹಾರಬೇಕು. ಗಡಿಯಾರದ್ದೂ ಒಂದು ಗೊಂದಲ. ಸಿಂಗಪುರ, ಹಾಂಗ್‌ಕಾಂಗ್ ನಮಗಿಂತ ಎರಡೂವರೆ ಗಂಟೆ ಮುಂದೆ. ಥಾಯ್ಲೆಂಡ್, ವಿಯೆಟ್ನಾಂ ಒಂದೂವರೆ ಗಂಟೆ. ಹಡಗು ಯಾವ ಸಮಯ ಇಟ್ಟುಕೊಂಡಿದೆ ಅಂತ ಇಳಿಯುವ ಮುಂಚೆ ಕೇಳಿ, ಕೈಗಡಿಯಾರಕ್ಕೆ ಅದನ್ನೇ ಹಾಕಿ. ಫೋನನ್ನು ನಂಬಬೇಡಿ.

ಲೇಮ್ ಚಬಾಂಗ್‌ನಲ್ಲಿ ಹಡಗು ಒಂದು ರಾತ್ರಿ ತಂಗಿತ್ತು. ನಾವು ಮಾಡಿದ ಅತಿ ಜಾಣ ಕೆಲಸ ಎಂದರೆ ಆ ರಾತ್ರಿ ಬ್ಯಾಂಕಾಕಿನಲ್ಲೇ ಹೋಟೆಲ್ ಹಿಡಿದದ್ದು. ಹಡಗಿನ ಕ್ಯಾಬಿನ್‌ಗೆ ದುಡ್ಡು ಕೊಟ್ಟು ಇನ್ನೊಂದು ಕಡೆ ಮಲಗುವುದಾ ಅಂತ ಯಜಮಾನರು ಗೊಣಗಿದರು. ಆದರೆ ದಿನಕ್ಕೆ ಎರಡು ಸಲ ಆ ಹೆದ್ದಾರಿ ನೋಡುವ ಕಷ್ಟ ತಪ್ಪಿತು. ಬ್ಯಾಂಕಾಕಿನ ರಾಜರ ಅರಮನೆಗೆ (ಗ್ರ್ಯಾಂಡ್ ಪ್ಯಾಲೇಸ್) ಟಿಕೆಟ್ 500 ಬಾತ್, ಅಲ್ಲಿನ ದುಡ್ಡಿನಲ್ಲಿ; ಮಧ್ಯಾಹ್ನ ಮೂರೂವರೆಗೆ ಟಿಕೆಟ್ ನಿಲ್ಲಿಸುತ್ತಾರೆ. ಬಂದರಿನಿಂದ ನಿಧಾನಕ್ಕೆ ಹೊರಟವರಿಗೆ ಇದು ತಪ್ಪಿಹೋಗುತ್ತದೆ. ಭುಜ, ಮೊಣಕಾಲು ಮುಚ್ಚಿರಬೇಕು. ಸೀರೆ, ಚೂಡಿದಾರ್ ಆದರೆ ಚಿಂತೆಯಿಲ್ಲ. ಒಳಗೆ ಪಚ್ಚೆ ಬುದ್ಧನ ಗುಡಿಯ ಸುತ್ತ 178 ಚೌಕಟ್ಟಿನಲ್ಲಿ ರಾಮಾಯಣ ಬರೆದಿದ್ದಾರೆ. ರಾಮಾಯಣಕ್ಕೆ ಅವರು ಇಟ್ಟ ಹೆಸರು ರಾಮಕಿಯನ್. ಎಲ್ಲರೂ ಮಧ್ಯದ ಚಿನ್ನದ ಗೋಪುರದ ಮುಂದೆ ಫೋಟೋಗೆ ನೂಕಾಡುತ್ತಿದ್ದರೆ ಈ ಮೊಗಸಾಲೆ ಖಾಲಿ ಇತ್ತು. ಬಾಯಿ ತೆರೆದು ಮಲಗಿದ ದೈತ್ಯ ಹನುಮಂತನ ಮುಂದೆಯೇ ನಾವು ಒಂದು ಗಂಟೆ ಕಳೆದೆವು. ಬ್ಯಾಂಕಾಕ್ ಬೇಡ ಅನಿಸಿದರೆ ಪಟ್ಟಾಯ ಬಂದರಿಗೆ ಹತ್ತಿರ. ಆ ಊರು ನನ್ನ ಮನಸ್ಸಿಗೆ ಹಿಡಿಸುವಂಥದ್ದಲ್ಲ, ನಿಮ್ಮಿಷ್ಟ.

ಫು ಮಿಯಲ್ಲಿ ಎಡವಿದೆವು. ಹಡಗಿನ ಟೂರು ದುಬಾರಿ ಅನಿಸಿ ಹುಬ್ಬಳ್ಳಿಯವರ ಜೊತೆ ಸೇರಿ ಒಂದು ವ್ಯಾನ್ ಮಾತಾಡಿದೆವು. ಲೆಕ್ಕದಲ್ಲಿ ಅದು ಸರಿಯೇ, ಅರ್ಧಕ್ಕಿಂತ ಕಡಿಮೆಯಾಯಿತು. ಹೋ ಚಿ ಮಿನ್ ಸಿಟಿ ತಲುಪಲು ಎರಡು ಗಂಟೆ. ಹಳೆಯ ಅಂಚೆ ಕಚೇರಿ, 1975ರ ಏಪ್ರಿಲ್ 30ರಂದು ಉತ್ತರ ವಿಯೆಟ್ನಾಮಿನ ಟ್ಯಾಂಕುಗಳು ಗೇಟು ಮುರಿದು ನುಗ್ಗಿದ ಅರಮನೆ, ವಿಯೆಟ್ನಾಂ ಯುದ್ಧದ ಮ್ಯೂಸಿಯಂ. ಮ್ಯೂಸಿಯಂನಿಂದ ಹೊರಬಂದಾಗ ಯಾರಿಗೂ ಮಾತಿರಲಿಲ್ಲ. ಹಾಗೇ ಬೆನ್ ಥಾನ್ ಮಾರ್ಕೆಟ್ಟಿನ ಹತ್ತಿರ ಮಾರಿಯಮ್ಮನ ಗುಡಿ ಇದೆ, ತಮಿಳರು ಕಟ್ಟಿದ್ದು, ಅಲ್ಲಿ ಊದಿನಕಡ್ಡಿ ಹಿಡಿದು ಕೈಮುಗಿಯುವವರು ಬಹುತೇಕ ವಿಯೆಟ್ನಾಮಿನವರೇ. ಅದನ್ನು ನೋಡುತ್ತಾ ಅರ್ಧ ಗಂಟೆ ಜಾಸ್ತಿ ನಿಂತೆವು. ವಾಪಸಾಗುವಾಗ ಸ್ಕೂಟರುಗಳ ಪ್ರವಾಹ. ಹಡಗು ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಒಳಗಿರಬೇಕು. ನಾವು ಏಣಿ ತಲುಪಿದಾಗ ಆ ಗಡುವಿಗೆ 12 ನಿಮಿಷ ಉಳಿದಿತ್ತು. ಹಡಗಿನವರದೇ ಟೂರಿನಲ್ಲಿ ಹೋದವರು ತಡವಾದರೆ ಹಡಗು ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲಿ ಓಡಬೇಕು. ಅದಕ್ಕೇ ಈಗ ಹೇಳುತ್ತೇನೆ: ಬಂದರು ದೂರವಿದ್ದರೆ ಹಡಗಿನವರ ಬಸ್ಸು, ಹತ್ತಿರವಿದ್ದರೆ ಸ್ವಂತ ಗಾಡಿ. ಅಥವಾ ಫು ಮಿಯಿಂದ ದೊಡ್ಡ ಊರಿಗೆ ಹೋಗುವುದೇ ಬೇಡ, ಹತ್ತಿರದ ವುಂಗ್ ತಾವ್ ಎಂಬ ಕಡಲೂರಿಗೆ ಹೋಗಿ. ಅಲ್ಲಿ ಗುಡ್ಡದ ಮೇಲೆ 32 ಮೀಟರಿನ ಯೇಸುವಿನ ಪ್ರತಿಮೆ ಇದೆ.

ಇಡೀ ಪ್ರವಾಸದಲ್ಲಿ ನನಗೆ ಮರೆಯಲಾಗದ್ದು ನ್ಯಾ ಚಾಂಗ್. ಅಲ್ಲಿ ಹಡಗು ದೂರದಲ್ಲೇ ಲಂಗರು ಹಾಕಿತು. ಸಣ್ಣ ದೋಣಿಯಲ್ಲಿ ದಡಕ್ಕೆ ಬಿಡುತ್ತಾರೆ, ಅದಕ್ಕೆ ಟೆಂಡರ್ ಅನ್ನುತ್ತಾರೆ. ಬೆಳಿಗ್ಗೆ ಬೇಗ ಎದ್ದು ನಂಬರ್ ಚೀಟಿ ತಗೊಳ್ಳಿ, ಇಲ್ಲದಿದ್ದರೆ ಹನ್ನೊಂದಾಗುತ್ತದೆ. ಮಂಡಿ ನೋವಿರುವವರು ಯೋಚಿಸಿ, ಅಲೆಯಿದ್ದರೆ ದೋಣಿ ಮೇಲೆ ಕೆಳಗೆ ಆಡುತ್ತದೆ. ದಡದಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ಹೊತ್ತಿಗೆ ಪೋ ನಗರ್ ಗುಡಿ. ಆ ಕಡೆ ಆಳುತ್ತಿದ್ದ ಚಂಪಾ ರಾಜ್ಯದ ರಾಜರು ಸಾವಿರ ವರ್ಷಕ್ಕೂ ಹಿಂದೆ ಇಟ್ಟಿಗೆಯಲ್ಲಿ ಕಟ್ಟಲು ಶುರು ಮಾಡಿದ ಗೋಪುರಗಳು, ನದಿ ಸಮುದ್ರ ಸೇರುವ ಕಡೆ ಗುಡ್ಡದ ಮೇಲೆ. ಬಾಗಿಲ ಕಂಬಗಳ ತುಂಬ ಶಾಸನ. ಬಾಗಿಲ ಮೇಲೆ ನೋಡಿದರೆ ಮಹಿಷಮರ್ದಿನಿ! ಒಳಗೆ ಹತ್ತು ಕೈಗಳ ಅಮ್ಮ. ಅವಳಿಗೆ ರೇಷ್ಮೆ ಉಡಿಸಿ, ಹಣ್ಣಿಟ್ಟು, ಬೇರೆ ಹೆಸರಿನಿಂದ ಅಲ್ಲಿನ ಜನ ಪೂಜೆ ಮಾಡುತ್ತಾರೆ. ಚಾಮುಂಡಿ ಬೆಟ್ಟದ ಬುಡದಲ್ಲಿ ಬೆಳೆದವಳು ನಾನು. ಚಪ್ಪಲಿ ಬಿಟ್ಟು ಒಳಗೆ ಹೋದಾಗ ಯಾಕೋ ಕಣ್ಣು ತುಂಬಿತು. ಅಲ್ಲಿದ್ದ ಅಜ್ಜಿಯೊಬ್ಬರು ನನ್ನ ಸೀರೆ ಮುಟ್ಟಿ ನೋಡಿ, ಒಂದು ಬಾಳೆಹಣ್ಣು ಕೈಗಿಟ್ಟರು.

ಚಾನ್ ಮೇ ಬಂದರಿನಲ್ಲಿ ಏನೂ ಇಲ್ಲ. ಅಲ್ಲಿಂದ ಒಂದು ಕಡೆಗೆ ಹ್ವೇ, ಇನ್ನೊಂದು ಕಡೆಗೆ ದನಾಂಗ್ ಮತ್ತು ಹೋಯ್ ಆನ್. ಒಂದೇ ದಿನ ಎರಡೂ ಕಡೆ ಆಗುವುದಿಲ್ಲ. ನಾವು ಹೋಯ್ ಆನ್ ಆರಿಸಿಕೊಂಡೆವು. ದಾರಿಯಲ್ಲಿ ದನಾಂಗಿನ ಚಾಮ್ (ಅದೇ ಚಂಪಾ ರಾಜ್ಯದ ಜನ) ಶಿಲ್ಪಗಳ ಮ್ಯೂಸಿಯಂ ನೋಡಿ, ಪೋ ನಗರ್ ನೋಡಿದವರಿಗೆ ಅದು ಇನ್ನಷ್ಟು ರುಚಿಸುತ್ತದೆ.

ಹಾ ಲಾಂಗ್‌ನಲ್ಲಿ ಹಡಗಿನವರು ಹನೋಯಿ ಟೂರು ಮಾರುತ್ತಾರೆ. ಹೋಗಬೇಡಿ. ಹೋಗಲು ಬರಲು ಸೇರಿ 300 ಕಿಲೋಮೀಟರಿಗೂ ಮೇಲೆ. ಎದುರಿಗೇ ಸುಣ್ಣಕಲ್ಲಿನ ದ್ವೀಪಗಳು ನಿಂತಿರುವಾಗ ಬಸ್ಸಿನಲ್ಲಿ ಕೂರುವುದು ಯಾಕೆ? ಸ್ಥಳೀಯ ದೋಣಿಯಲ್ಲಿ ನಾಲ್ಕು ಗಂಟೆ ಸುತ್ತಿದೆವು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವುದು ನಮ್ಮೂರಲ್ಲಿ ಮಾತ್ರ. ಅಲ್ಲಿ ಮಾರ್ಚ್‌ನಲ್ಲೂ ಮಂಜು, ತುಂತುರು. ಸ್ವೆಟರ್, ಛತ್ರಿ ಎರಡೂ ಬೇಕು.

ಹಾಂಗ್‌ಕಾಂಗಿನ ಕೈ ತಕ್ ಟರ್ಮಿನಲ್ ಇರುವುದು ಹಳೆಯ ವಿಮಾನ ನಿಲ್ದಾಣದ ರನ್‌ವೇ ಮೇಲೆ. ಟ್ಯಾಕ್ಸಿಗೆ ಉದ್ದ ಸಾಲು. ಅಂದೇ ವಿಮಾನ ಹಿಡಿಯುವ ಅವಸರ ಬೇಡ, ಎರಡು ದಿನ ಉಳಿಯಿರಿ. ಸ್ಟಾರ್ ಫೆರಿ, ಟ್ರ್ಯಾಮ್ ಎರಡೂ ಬಹಳ ಅಗ್ಗ. ವಾನ್ ಚಾಯ್‌ನಲ್ಲಿ ಗುರುದ್ವಾರ ಇದೆ. ಎರಡು ವಾರ ಬಫೆ ತಿಂದ ಮೇಲೆ ಅಲ್ಲಿ ನೆಲದ ಮೇಲೆ ಕೂತು ತಿಂದ ಬಿಸಿ ರೊಟ್ಟಿ, ದಾಲ್ ಎಷ್ಟು ಹಿತವಾಗಿತ್ತು ಅಂತೀರಿ.

ಇಳಿಯುವ ಹಿಂದಿನ ರಾತ್ರಿಯ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ದೊಡ್ಡ ಪೆಟ್ಟಿಗೆಗಳನ್ನು ರಾತ್ರಿಯೇ ಬಾಗಿಲ ಹೊರಗೆ ಇಡಬೇಕು, ಕೆಲಸದವರು ಒಯ್ಯುತ್ತಾರೆ, ಬೆಳಿಗ್ಗೆ ದಡದಲ್ಲೇ ಸಿಗುವುದು. ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಚಪ್ಪಲಿ ಕೈಚೀಲದಲ್ಲಿ ಉಳಿಸಿಕೊಳ್ಳಿ. ನಮ್ಮ ಯಜಮಾನರು ಶಿಸ್ತಾಗಿ ಶೂ, ಚಪ್ಪಲಿ ಎರಡನ್ನೂ ಪ್ಯಾಕ್ ಮಾಡಿ ಹೊರಗಿಟ್ಟಿದ್ದರು. ಬೆಳಿಗ್ಗೆ ಸಾಕ್ಸ್‌ನಲ್ಲೇ, ಒಂದು ಕೈಯಲ್ಲಿ ವಾಪಸ್ ಸಿಕ್ಕ ಕೆಟಲ್ ಹಿಡಿದುಕೊಂಡು ಹಾಂಗ್‌ಕಾಂಗಿಗೆ ಇಳಿದರು.