ನನ್ನ ಬಾಯಲ್ಲಿ ತಪ್ಪಾದ ‘ಮೌಂ ಲೇ’

ಬರ್ಮಾದ, ಅಂದರೆ ಈಗಿನ ಮ್ಯಾನ್ಮಾರಿನ, ಯಾಂಗೂನ್‌ನ ಟೀ ಅಂಗಡಿಗಳಲ್ಲಿ ಹುಡುಗನನ್ನು ಕರೆಯೋಕೆ ಜನ ಮುತ್ತು ಕೊಡುವ ಹಾಗೆ ತುಟಿಯಲ್ಲಿ ಸದ್ದು ಮಾಡುತ್ತಾರೆ. ಮೊದಲ ದಿನ ಕೇಳಿದಾಗ ಯಾರೋ ಬೆಕ್ಕು ಕರೆಯುತ್ತಿದ್ದಾರೆ ಅಂದುಕೊಂಡೆ. ನನಗೋ ಹಾಗೆ ಕರೆಯೋಕೆ ನಾಚಿಕೆ. ಸುಮ್ನೆ ‘ತಮ್ಮಾ’ ಅಂದರಾಯಿತು, ಬರ್ಮೀಸ್‌ನಲ್ಲಿ ಅದಕ್ಕೊಂದು ಪದ ಕಲಿತರೆ ಸಾಕು ಅನ್ನಿಸಿತು.

ಅದು 2018ರ ಡಿಸೆಂಬರ್. ಅನವ್ರಥ ರಸ್ತೆಯಲ್ಲಿ ತಮಿಳರು ಕಟ್ಟಿದ ಕಾಳಿ ಗುಡಿ ಇದೆಯಲ್ಲ, ಅದರ ಹತ್ತಿರದ ಸಣ್ಣ ಗೆಸ್ಟ್‌ಹೌಸಿನಲ್ಲಿ ಇಳಿದಿದ್ದೆ. ಅದನ್ನು ನಡೆಸುವ ಹೆಂಗಸು ಬೆಳಿಗ್ಗೆ ಕಲ್ಲಿನ ಮೇಲೆ ತನಾಖ ಕೊರಡು ತೇಯುತ್ತಾ ಕೂತಿರುತ್ತಿದ್ದರು. ಥೇಟ್ ನಮ್ಮಲ್ಲಿ ಗಂಧ ತೇಯುವ ಹಾಗೆ. ತೇಯ್ದದ್ದನ್ನು ಎರಡೂ ಕೆನ್ನೆಗೆ ಬಳಿದುಕೊಂಡು ಕೌಂಟರಿಗೆ ಬರುವರು. ನಿಮ್ಮನ್ನು ಏನಂತ ಕರೆಯಲಿ ಅಂತ ಕೇಳಿದೆ. ಅವರು ಹೆಸರು ಹೇಳಲಿಲ್ಲ. ‘ನಿನಗೆ ವಯಸ್ಸೆಷ್ಟು?’ ಅಂದರು. ನಲವತ್ತೊಂದು ಅಂದೆ. ‘ನನಗೆ ಐವತ್ಮೂರು. ಹಾಗಾದ್ರೆ ನಾನು ನಿನಗೆ ಅಮ.’

ಅಮ ಅಂದರೆ ಅಕ್ಕ. ಅಮೇ ಅಂದರೆ ಅಮ್ಮ. ನಮ್ಮ ಕಿವಿಗೆ ಎರಡೂ ಅಮ್ಮನೇ. ಅಕೋ ಅಂದರೆ ಅಣ್ಣ. ‘ಚೀ’ ಸೇರಿದರೆ ದೊಡ್ಡದು, ‘ಲೇ’ ಸೇರಿದರೆ ಚಿಕ್ಕದು. ಸಂಧಿಯಲ್ಲಿ ಚೀ ಹೋಗಿ ಜೀ ಆಗುತ್ತದೆ. ಅಪ್ಪನ ಅಣ್ಣ ‘ಬಜೀ’, ಅಕ್ಷರಶಃ ನಮ್ಮ ದೊಡ್ಡಪ್ಪ. ಇಷ್ಟು ಸಲೀಸಾಗಿ ಕಲಿತಿದ್ದು ನನಗೇ ಆಶ್ಚರ್ಯ. ‘ಲೇ’ ಮಾತ್ರ ಮೊದಮೊದಲು ಬಾಯಿಗೆ ಬರುತ್ತಿರಲಿಲ್ಲ. ಮೈಸೂರು ಕಡೆಯವನು ನಾನು, ಚಿಕ್ಕಂದಿನಲ್ಲಿ ಯಾರಿಗಾದರೂ ‘ಲೇ’ ಅಂದರೆ ಮನೆಯಲ್ಲಿ ಏಟು ಬೀಳುತ್ತಿತ್ತು.

ಅಷ್ಟರಲ್ಲಿ ಅವರ ತಮ್ಮ ನೀರಿನ ಕ್ಯಾನ್ ಹೊತ್ತುಕೊಂಡು ಮೆಟ್ಟಿಲು ಹತ್ತಿ ಬಂದ. ‘ನನ್ನ ಮೌಂ ಲೇ’ ಅಂದರು ಅಮ. ಪದ ಸಿಕ್ಕಿತು! ಸೀದಾ ಟೀ ಅಂಗಡಿಗೆ ಹೋಗಿ ಗಿಡ್ಡ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಜೋರಾಗಿ ‘ಮೌಂ ಲೇ!’ ಅಂದೆ.

ಹುಡುಗ ಕೈಯಲ್ಲಿದ್ದ ಲೋಟಗಳ ಸಮೇತ ಅಲ್ಲೇ ನಿಂತ. ಪಕ್ಕದ ಟೇಬಲ್ಲಿನವರು ಹೋ ಅಂತ ನಕ್ಕರು. ಅಲ್ಲಿ ಲೊಂಜಿ ಅನ್ನುವ ಅಲ್ಲಿನ ಲುಂಗಿ ಉಟ್ಟ ಹಿರಿಯರೊಬ್ಬರು ತಮ್ಮ ಸ್ಟೂಲನ್ನು ನನ್ನ ಕಡೆ ಎಳೆದುಕೊಂಡರು. ‘ತಮ್ಮನನ್ನು ಹಾಗೆ ಅನ್ನೋದು ಅಕ್ಕ. ನೀನು ಗಂಡಸು. ಞೀ ಲೇ ಅನ್ನು.’

ವರ್ಣಮಾಲೆಯಲ್ಲಿ ಸುಮ್ನೆ ಕೂತಿದ್ದ ನಮ್ಮ ಞ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು. ಆದರೆ ತಲೆ ಕೆಟ್ಟಿತು. ತಮ್ಮ ಒಬ್ಬನೇ. ಅಕ್ಕನಿಗೆ ಅವನು ಮೌಂ, ಅಣ್ಣನಿಗೆ ಞೀ. ತಂಗಿಗೂ ಹೀಗೇ ಎರಡು ಪದ ಇದ್ದವು. ಅಣ್ಣನ ಬಾಯಲ್ಲಿ ಅವಳು ಹ್ನಮ, ಅಕ್ಕನ ಬಾಯಲ್ಲಿ ಞೀಮ. ಈಗ ಇಬ್ಬರೂ ಞೀಮ ಅಂತಲೇ ಕರೆಯುತ್ತಾರಂತೆ. ನಾವು ‘ತಮ್ಮ’ ಅಂದರೆ ಅವನು ಚಿಕ್ಕವನು ಅಂತಷ್ಟೇ ಗೊತ್ತಾಗುತ್ತದೆ. ಇಲ್ಲಿ ಕರೆದವರು ಗಂಡೋ ಹೆಣ್ಣೋ ಅನ್ನೋದೂ ಗೊತ್ತಾಗುತ್ತದೆ.

ಅಷ್ಟಕ್ಕೇ ಮುಗಿಯಲಿಲ್ಲ. ಹುಡುಗ ಟೀ ತಂದಿಟ್ಟ. ನಾನು ‘ಚೇಜೂ ತಿಂಬಾದೆ ಶಿನ್’ ಅಂತ ಥ್ಯಾಂಕ್ಸ್ ಹೇಳಿದೆ. ಮತ್ತೆ ನಗು. ಮರ್ಯಾದೆಗೆ ಕೊನೆಯಲ್ಲಿ ‘ಶಿನ್’ ಸೇರಿಸುವುದು ಹೆಂಗಸರು, ಗಂಡಸರು ‘ಖಮ್ಯಾ’ ಅನ್ನಬೇಕು. ಎಲ್ಲವನ್ನೂ ಅಮನ ಬಾಯಿಂದ ಕಲಿತ ನಾನು ಎರಡು ದಿನ ಯಾಂಗೂನ್ ತುಂಬಾ ಹೆಂಗಸರ ಬರ್ಮೀಸ್ ಮಾತಾಡಿಕೊಂಡು ತಿರುಗಿದ್ದೆ!

ಆ ಹಿರಿಯರನ್ನು ‘ಊ ಲೇ’ ಅಂತ ಕರೆದೆ, ಅಂದರೆ ಚಿಕ್ಕಪ್ಪ, ಮಾವ. ಅದಕ್ಕೆ ತಲೆ ಆಡಿಸಿದರು. ಹಿರಿಯರ ಹೆಸರಿನ ಮುಂದೆ ಬರುವುದೂ ಇದೇ ‘ಊ’. ಇಲ್ಲಿ ಮನೆತನದ ಹೆಸರು ಇಟ್ಟುಕೊಳ್ಳುವ ರೂಢಿಯಿಲ್ಲ. ಹುಡುಗನಿಗೆ ಮೌಂ, ಸ್ವಲ್ಪ ದೊಡ್ಡವನಾದರೆ ಕೋ, ವಯಸ್ಸಾದರೆ ಊ. ಹೆಂಗಸರಿಗೆ ಮ, ಆಮೇಲೆ ಡಾ. 1961ರಿಂದ 1971ರವರೆಗೆ ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿಯಾಗಿದ್ದ ಯು ಥಾಂಟ್ ಬಗ್ಗೆ ಶಾಲೆಯಲ್ಲಿ ಓದಿದ್ದೆ. ಆ ಯು ಅವರ ಊರಿನ ಇನಿಷಿಯಲ್ ಇರಬೇಕು, ನಮ್ಮಲ್ಲಿ ಉಡುಪಿಯವರು ಹಾಕಿಕೊಳ್ಳುವ ಹಾಗೆ ಅಂದುಕೊಂಡಿದ್ದೆ. ಅದು ಇದೇ ‘ಊ’, ಅವರ ಹೆಸರು ಬರೀ ಥಾಂಟ್. ಮರುದಿನ ಶ್ವೇಡಗಾನ್ ಪಗೋಡದ ದಕ್ಷಿಣದ ಕಡೆ ಇರುವ ಅವರ ಸಮಾಧಿ ನೋಡೋಕೆ ಹೋದಾಗ ಯಾರೋ ಹಳೆಯ ಬಂಧುವನ್ನು ನೋಡಲು ಬಂದ ಹಾಗಿತ್ತು.

ಸಂಜೆ ಗೆಸ್ಟ್‌ಹೌಸಿನಲ್ಲಿ ಇನ್ನೊಂದು ಗೊಂದಲ. ಅಮ ತಮ್ಮ ಗಂಡನನ್ನು ‘ಕೋ’ ಅಂತ ಕರೆದರು. ಅಣ್ಣ ಅಂತಲಾ? ಹೌದಂತೆ, ಅಣ್ಣನಿಗೂ ಅದೇ, ಗಂಡನಿಗೂ ಅದೇ. ಪ್ರೀತಿಸಿದ ಹುಡುಗನನ್ನು ‘ಮೌಂ’ ಅನ್ನುವವರೂ ಇದ್ದಾರಂತೆ. ನಮ್ಮಲ್ಲಿ ಹುಡುಗಿ ಒಂದು ಸಲ ‘ಅಣ್ಣಾ’ ಅಂದರೆ ಕಥೆ ಅಲ್ಲಿಗೇ ಮುಗೀತು, ಅಲ್ವಾ? ಗಂಡನನ್ನು ‘ಮಾವ’ ಅನ್ನುವವರು ನಮ್ಮಲ್ಲೂ ಇದ್ದಾರೆ ಅಂತ ಹೇಳಿ, ಸೋದರಮಾವನನ್ನು ಮದುವೆಯಾಗುವ ಪದ್ಧತಿ ವಿವರಿಸಿದೆ. ಅಮ ಕಣ್ಣರಳಿಸಿ ಗಂಡನಿಗೆ ಬರ್ಮೀಸ್‌ನಲ್ಲಿ ಏನೋ ಹೇಳಿದರು. ಆತ ನನ್ನನ್ನು ಒಂದು ಥರಾ ನೋಡಿದರು.

ಹೊರಡುವ ಬೆಳಿಗ್ಗೆ ಅಮನ ಗಂಡನೇ ನನ್ನ ಬ್ಯಾಗನ್ನು ಟ್ಯಾಕ್ಸಿಯ ಡಿಕ್ಕಿಗೆ ಹಾಕಿದರು. ಅಮ ಬಾಗಿಲವರೆಗೆ ಬಂದರು. ಕೆನ್ನೆಯ ಮೇಲೆ ತನಾಖ ಇನ್ನೂ ಒಣಗಿರಲಿಲ್ಲ.

‘ಮೌಂ ಲೇ, ಪಾಸ್‌ಪೋರ್ಟ್?’

ಅವರ ಬಾಯಲ್ಲಿ ಅದು ಸರಿಯಾಗಿತ್ತು. ಜೇಬು ತಟ್ಟಿ ನೋಡಿಕೊಂಡೆ. ನಮ್ಮ ‘ಇದೆ’ಗೆ ಬರ್ಮೀಸ್‌ನಲ್ಲಿ ‘ಶಿದೆ’ ಅನ್ನುತ್ತಾರೆ, ಅದೊಂದು ಪದ ಮಾತ್ರ ನನಗೆ ಯಾವತ್ತೂ ತಪ್ಪಿರಲಿಲ್ಲ.

‘ಶಿದೆ, ಅಮ’ ಅಂದೆ.